ಬಾಗಿ ಬಡಿಸಿದ ಮಧ್ಯಾಹ್ನ

ಪರಮಪೂಜ್ಯ ಶ್ರೀ ನಿರಾಲಂಬ ಸ್ವಾಮಿಗಳವರು ಮುದ್ದಾಪುರದ ಹೊರಗಿನ ಮಣ್ಣಿನ ಮಠದಲ್ಲಿ ಮೂವತ್ತು ವರ್ಷ ವಾಸವಾಗಿದ್ದರು. ಭಕ್ತರಾದ ನಮಗೆಲ್ಲ ಅವರು ಅಜ್ಜನವರು. ಹಿಂದೆ ಮುಂದೆ ಯಾರೂ ಇಲ್ಲದ ಇಪ್ಪತ್ತೆಂಟು ಮಂದಿ ವೃದ್ಧರಿಗೆ ಅವರ ಮಠವೇ ಮನೆ. ಪಕ್ಕದ ಶಾಲೆಯ ಮಕ್ಕಳೂ ಮಧ್ಯಾಹ್ನದ ಪ್ರಸಾದಕ್ಕೆ ಅಲ್ಲಿಗೇ ಬರುತ್ತಿದ್ದರು. ಅಷ್ಟು ಜನರಿದ್ದರೂ ಮಠದಲ್ಲಿ ಮಾತು ಕಡಿಮೆ. ಮುದುಕರು ಕಂಬಕ್ಕೊಬ್ಬರಂತೆ ಒರಗಿ ಕೂತು ಹೊತ್ತು ಕಳೆಯುತ್ತಿದ್ದರು. ಮಜ್ಜಿಗೆ ಬಡಿಸುವ ಸೇವೆ ನನ್ನದಾಗಿತ್ತು, ಬಡಿಸಿ ಹೊರಟುಬಿಡುತ್ತಿದ್ದೆ.

ಒಂದು ದಿನ ಆರೋಗ್ಯ ಇಲಾಖೆಯ ಸುಲೋಚನಾ ಕುಂಬಾರ ಎಂಬ ನರ್ಸಮ್ಮ ಹಾಳೆಗಳ ಕಟ್ಟು ಹಿಡಿದು ಬಂದರು. ಮಕ್ಕಳಲ್ಲಿ, ವೃದ್ಧರಲ್ಲಿ ಯಾರಿಗೆ ಯಾವ ಚಿಕಿತ್ಸೆ ಬೇಕೆಂದು ಬರೆದುಕೊಳ್ಳಬೇಕಿತ್ತು. ಪಟ್ಟಿಯಲ್ಲಿ ಹೆಸರಿದ್ದವರನ್ನು ಮಂಗಳವಾರ ಜೀಪು ದೊಡ್ಡಾಸ್ಪತ್ರೆಗೆ ಒಯ್ಯುತ್ತದೆ. ಹೆಸರಿಲ್ಲದವರು ಇನ್ನೊಂದು ವರ್ಷ ಕಾಯಬೇಕು.

"ಬೂದಿ ಹಚ್ಚಿದ್ರ ಜಡ್ಡು ಹೋಗೂದಿಲ್ರಿ" ಎಂದು ಆಕೆ ಬಂದವರೇ ನನ್ನ ಹಣೆಯ ವಿಭೂತಿ ನೋಡಿ ಮುಖಕ್ಕೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಶಾಲೆಯಲ್ಲಿ "ಯಾರಿಗೆ ತ್ರಾಸ ಐತಿ, ಕೈ ಎತ್ರಿ" ಎಂದರು. ಒಂದು ಕೈಯೂ ಏಳಲಿಲ್ಲ. ಮಠದಲ್ಲಿ ಕಂಬದಿಂದ ಕಂಬಕ್ಕೆ ಹೋಗಿ ನಿಂತೇ ಕೇಳಿದರು. ಎಲ್ಲರದೂ ಒಂದೇ ಉತ್ತರ, "ಆರಾಮ ಅದೀನ್ರಿ." ಗುರುವಿನ ಸನ್ನಿಧಿಯಲ್ಲಿ ಕೂತು ಮೈಗೆ ಆರಾಮಿಲ್ಲ ಎನ್ನುವವರು ನಮ್ಮ ಕಡೆ ಯಾರಿದ್ದಾರೆ? ಊಟದ ಹೊತ್ತಿಗೆ ಪಟ್ಟಿ ಮುಗಿದಿತ್ತು. ಅದರಲ್ಲಿ ಒಂದು ಹೆಸರೂ ಇರಲಿಲ್ಲ.

ಅಜ್ಜನವರು ಹಾಳೆಗಳನ್ನು ನೋಡಿ ಮುಗುಳ್ನಕ್ಕರು. "ಇವತ್ತ ಊಟಕ್ಕ ನೀವ ನೀಡ್ರಿ ತಾಯಿ. ನಿಂತು ನೀಡಬ್ಯಾಡ್ರಿ, ಬಾಗಿ ನೀಡ್ರಿ" ಎಂದಷ್ಟೇ ಅಪ್ಪಣೆ ಕೊಟ್ಟರು.

ಒಲ್ಲದ ಮನಸ್ಸಿನಿಂದಲೇ ಆಕೆ ಸಾರಿನ ಬೋಗುಣಿ ಹಿಡಿದು ಪಂಕ್ತಿಗೆ ಇಳಿದರು. ಬಾಗಿದಾಗ ಕಂಡಿತು: ಒಬ್ಬ ಹುಡುಗಿ ತುತ್ತನ್ನೆಲ್ಲ ಎಡದವಡೆಗೇ ದೂಡುತ್ತಿದ್ದಳು, ಬಲಗಡೆ ಹಲ್ಲು ಹುಳುಕಾಗಿ ವಸಡು ಬಾತಿತ್ತು. ಇನ್ನೊಬ್ಬನ ಕಿವಿಯಿಂದ ಕೀವು ಸೋರುತ್ತಿತ್ತು. ಕೊನೆಯ ಕಂಬದ ಗುರಸಿದ್ದವ್ವ ಅನ್ನವಿಲ್ಲದ ಕಡೆ ಬೆರಳಾಡಿಸಿ ತಟ್ಟೆಯನ್ನು ತಡಕುತ್ತಿದ್ದಳು.

ಸುಲೋಚನಾ ಬೋಗುಣಿ ಇಟ್ಟು ಆಕೆಯ ಪಕ್ಕದಲ್ಲೇ ಕುಳಿತುಬಿಟ್ಟರು. "ಕಣ್ಣ ಕಾಣಸ್ದಾಂಗಾಗಿ ಎಷ್ಟ ದಿನಾ ಆತಬೇ?"

"ಎರಡ ವರ್ಷ ಆತವ್ವಾ."

"ಮುಂಜಾನೆ ಕೇಳಿದಾಗ ಯಾಕ ಹೇಳ್ಲಿಲ್ಲ?"

"ನಿನ್ನ ದನಿ ಮ್ಯಾಲಿಂದ ಬಂತಲ್ಲ ತಂಗಿ, ನಿಂತೀದಿ, ಹೊಂಟೀದಿ ಅನ್ಕೊಂಡೆ. ಬಾಜೂಕ ಕುಂತು ಯಾರೂ ಕೇಳೇ ಇಲ್ಲ." ಎರಡು ವರ್ಷ ದಿನವೂ ಆಕೆಗೆ ಮಜ್ಜಿಗೆ ಹಾಕಿದವನು ನಾನೇ.

ಆ ಮಧ್ಯಾಹ್ನ ನರ್ಸಮ್ಮ ಹಳೆಯ ಹಾಳೆಗಳನ್ನು ಹರಿದು, ಒಬ್ಬೊಬ್ಬರ ಪಕ್ಕದಲ್ಲೂ ನೆಲಕ್ಕೆ ಕೂತು ಹೊಸದಾಗಿ ಬರೆದರು. ಹತ್ತೊಂಬತ್ತು ಹೆಸರುಗಳಾದವು. ಆಮೇಲೆ ಅಜ್ಜನವರ ಬಳಿಗೆ ಬಂದರು. ಬೂದಿಯ ಮಾತಿಗೆ ಕ್ಷಮೆ ಕೇಳುತ್ತಾರೆಂದು ನಾವೆಲ್ಲ ಕಾದೆವು. ಆಕೆ ಅವರ ಗದ್ದುಗೆಯ ಮುಂದೆ ನೆಲಕ್ಕೆ ಕೂತು, "ಅಜ್ಜಾರ, ನಿಮಗೇನರ ತ್ರಾಸ ಐತೇನ್ರಿ?" ಎಂದು ಕೇಳಿದರು.

ಸ್ವಾಮಿಗಳಿಗೆ ಇಂಥ ಪ್ರಶ್ನೆಯೇ ಎಂದು ಯಾರೋ ಗದರಿಸಲು ಎದ್ದರು. ಅಜ್ಜನವರು ಕೈಯೆತ್ತಿ ತಡೆದರು. ಅವರ ಕಣ್ಣು ತುಂಬಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಮೊಣಕಾಲು ಭಾಳ ನೋಯ್ತಾವ ತಾಯಿ. ಭಾಳ ವರ್ಷ ಆತು."

ಮೂವತ್ತು ವರ್ಷ ಆ ಪಾದಗಳಿಗೆ ಹಣೆ ಹಚ್ಚಿದವರು ನಾವು. ನಮ್ಮ ನಮ್ಮ ದುಃಖ ಹೇಳಿಕೊಂಡು ಎದ್ದು ಬಂದಿದ್ದೆವು. ಸುಲೋಚನಾ ಅಳುತ್ತಲೇ ಪಟ್ಟಿಯಲ್ಲಿ ಇಪ್ಪತ್ತನೆಯ ಹೆಸರು ಬರೆದರು.