ಮಳೆನಗೆ ಕಾದ ಗಾದ್ರಕ್ಕ

ಹತ್ತಿರ ಬನ್ರೋ, ಕೇಳಿ! ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಬಯಲುಸೀಮೆಯ ಒಂದೂರಲ್ಲಿ ಊರೋರಿಗೆಲ್ಲ ಸೇರಿದ ಒಂದು ಗುಂಡುತೋಪಿತ್ತು. ಅದನ್ನ ಕಾಯೋಳು ಗಾದ್ರಕ್ಕ. ಅವಳು ಒಂದು ಕೂಗು ಹಾಕಿದರೆ ಮೂರು ಹೊಲದಾಚೆ ಮೇಯೋ ಎತ್ತು ಮೇವು ಬಿಟ್ಟು ನಿಲ್ತಿತ್ತಂತೆ!

ಆ ತೋಪಿನ ನೆಲದಲ್ಲಿ ಒಂದು ಪುಟ್ಟ ಗಿಡ, ಮಳೆನಗೆ ಅಂತ. ಮೊದಲ ಮಳೆ ಬಿದ್ದ ಎಂಟನೇ ದಿನಕ್ಕೆ ನೀಲಿ ಹೂ. ಸುತ್ತ ಏಳೂರಲ್ಲಿ ಎಲ್ಲಿ ಹುಡುಕಿದರೂ ಇಲ್ಲ. ಅದಂದ್ರೆ ಗಾದ್ರಕ್ಕನಿಗೆ ಪ್ರಾಣ.

ಬೇಸಿಗೇಲಿ ತೋಪಲ್ಲಿ ಮೇಯ್ತಿದ್ದ ಗೊಲ್ಲರ ಕ್ಯಾತಣ್ಣನ ಮೇಕೆಗಳು ಒಂದು ವರ್ಷ ಹೂ ಬಿಟ್ಟ ಹೊತ್ತಲ್ಲೇ ಒಳಗೆ ನುಗ್ಗಿ ನಾಲ್ಕು ಹೂ ಬಾಯಿಗೆ ಹಾಕಿಕೊಂಡವು. ಅಯ್ಯಯ್ಯೋ, ಗಾದ್ರಕ್ಕನ ಸಿಟ್ಟು ನೆತ್ತಿಗೇರಿತು! ಊರೆದುರೇ ಅವನನ್ನ ಹಿಗ್ಗಾಮುಗ್ಗಾ ಬೈದಳು. ಅವನು ತಲೆ ತಗ್ಗಿಸಿಕೊಂಡು ಹೋದ. ಆಮೇಲೆ ಒಬ್ಬಳೇ ಜಾಲಿಮುಳ್ಳು ಹೊತ್ತು ತಂದು, ತೋಪಿನ ಸುತ್ತ ಆಳೆತ್ತರದ ಬೇಲಿ ಕಟ್ಟಿದಳು. ಒಂದೇ ದಿನದಲ್ಲಿ ಕಟ್ಟಿದಳು ಅಂತಾರೆ.

ಒಳಗೆ ಹುಲ್ಲು ಬೆಳೀತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಊರೋರು ಭಲೇ ಅಂದರು. ಆದರೆ ಮಳೆನಗೆ? ನೂರಾರು ಇದ್ದದ್ದು ಮರುವರ್ಷ ನಲವತ್ತಾಯಿತು. ಅದರ ಮರುವರ್ಷ ಒಂಬತ್ತು. ಆಮೇಲೆ ಒಂದೇ ಒಂದು! ಗಾದ್ರಕ್ಕ ಊಟ ಬಿಟ್ಟಳು. ಕೊಡಗಟ್ಟಲೆ ನೀರು ಹೊತ್ತು ಹಾಕಿದಳು. ಊಹೂಂ, ಏನೂ ಆಗಲಿಲ್ಲ.

ಆ ಬೇಸಿಗೆ ಗಾಳಿಗೆ ಬೇಲಿಯ ಒಂದು ಮೂಲೆ ಕುಸಿದು, ಕ್ಯಾತಣ್ಣನ ಕುಂಟು ಮೇಕೆ ಒಳಹೊಕ್ಕು ಆ ಮೂಲೆಯ ಹುಲ್ಲನ್ನೆಲ್ಲ ಬೋಳು ಮಾಡಿತು. ಗಾದ್ರಕ್ಕ ದೊಣ್ಣೆ ಹಿಡಿದು ಅಟ್ಟಿದಳು. ಮಳೆ ಬಂತು. ಎಂಟನೇ ದಿನ ಹೋಗಿ ನೋಡ್ತಾಳೆ, ಮೇಕೆ ಮೇಯ್ದ ಜಾಗದಲ್ಲೇ, ಗೊರಸಿನ ಗುರುತಲ್ಲೇ, ಒಂದಲ್ಲ ಎರಡಲ್ಲ, ಹನ್ನೊಂದು ನೀಲಿ ಹೂ! ಹುಲ್ಲು ಒತ್ತಾಗಿದ್ದ ಕಡೆ ಒಂದೂ ಇಲ್ಲ. ಆಗ ಅವಳಿಗೆ ಹೊಳೀತು. ಗಿಡ ಬಿಸಿಲು ಕಾಣದೆ ಸಾಯ್ತಿತ್ತು. ಕೊಂದದ್ದು ಮೇಕೆಯಲ್ಲ, ಅವಳು ಕಟ್ಟಿದ ಬೇಲಿ.

ನಾಚಿಕೆಯೂ ಆಯಿತು, ಕುಣಿಯೋವಷ್ಟು ಖುಷಿಯೂ ಆಯಿತು. ಬರಿಗಾಲಲ್ಲಿ ಗೊಲ್ಲರಹಟ್ಟಿಗೆ ಓಡಿದಳು. ಊರೆದುರು ಬೈದವಳು ಹಟ್ಟಿಯೆದುರೇ ತನ್ನ ದೊಣ್ಣೆಯನ್ನ ಕ್ಯಾತಣ್ಣನ ಹೊಸಿಲ ಮೇಲಿಟ್ಟು, "ತಪ್ಪಾಯ್ತು ಕಣಣ್ಣ, ಹೂ ಬಾಡಿ ಬೀಜ ಉದುರಲಿ, ಆಮೇಲೆ ನಿನ್ನ ಮೇಕೆ ಹೊಡ್ಕೊಂಡು ಬಾ" ಅಂದಳು. ಅವನು ದೊಣ್ಣೆ ಎತ್ತಿ ಅವಳ ಕೈಗೇ ಕೊಟ್ಟು, "ಬರ್ತೀನಿ ಬಿಡಕ್ಕ, ಮೊದಲು ಒಂದು ತುತ್ತು ಉಣ್ಣು" ಅಂದನಂತೆ.

ಉಂಡವಳೇ ಎದ್ದು ಹೋಗಿ ಬರಿಗೈಲಿ ಬೇಲಿ ಕಿತ್ತಳು. ಒಂದು ಮುಳ್ಳೂ ಚುಚ್ಚಲಿಲ್ಲ ಅಂತಾರೆ. ಸುಳ್ಳು! ಚುಚ್ಚಿರ್ತವೆ, ಆ ಸಂಭ್ರಮದಲ್ಲಿ ಅವಳಿಗೆ ಗೊತ್ತಾಗಿರಲ್ಲ.

ಇವತ್ತಿಗೂ ಬೇಸಿಗೆ ಬಂದರೆ ಆ ತೋಪು ಕಾಯೋರು, ಯಾರೇ ಆಗಿರಲಿ, ಹಟ್ಟಿಗೆ ಹೋಗಿ ಹೊಸಿಲ ಮೇಲೆ ದೊಣ್ಣೆ ಇಟ್ಟು ಮೇಕೆ ಕರೀತಾರೆ. ಹಿಂಡಲ್ಲಿ ಕುಂಟುಮೇಕೆ ಇದ್ದರೆ ಅದೇ ಮುಂದೆ. ಮಳೆ ಬಿದ್ದ ಎಂಟನೇ ದಿನ ಊರೆಲ್ಲ ತೋಪಿಗೆ ಓಡ್ತದೆ. ಈಗ ಯಾರೂ ಹೂ ಎಣಿಸಲ್ಲ, ಎಣಿಸಿದರೆ ಮುಗಿಯೋದೂ ಇಲ್ಲ.