ಸ್ಕ್ಯಾನ್ ಯಂತ್ರವೂ ಡೈ ಮದ್ದೂ

ಮೆದುಳಿನಲ್ಲಿ ರಕ್ತಸ್ರಾವವಾಗಿ ಬದುಕಿ ಉಳಿದಿದ್ದ ತುಂಗಮ್ಮನನ್ನು ವಾರ ಕಳೆದ ಮೇಲೆ ಮತ್ತೆ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿದರು. ಬೆಳಿಗ್ಗೆಯಿಂದ ಆಕೆಗೆ ಮಗಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲ.

ಯಂತ್ರ ಒಂದು ಸುತ್ತು ನೋಡಿ, "ಹೊಸ ರಕ್ತ ಒಂದು ತೊಟ್ಟೂ ಇಲ್ಲ. ಏನೂ ಆಗಿಲ್ಲ, ಕರೆದುಕೊಂಡು ಹೋಗಲಿ" ಎಂದಿತು.

ರಕ್ತನಾಳಗಳು ಸ್ಕ್ಯಾನಿನಲ್ಲಿ ಎದ್ದು ಕಾಣುವಂತೆ ಮಾಡುವ ಡೈ ಮದ್ದು ಸಿರಿಂಜಿನಲ್ಲಿ ಕಾಯುತ್ತಿತ್ತು. ಅದು ಕೇಳಿತು: "ಅಣ್ಣಾ, ರಕ್ತ ಚೆಲ್ಲಿದೆಯೋ ಇಲ್ಲವೋ ಎಂದಷ್ಟೇ ನೀನು ನೋಡಿದೆ. ಹರಿಯಬೇಕಾದದ್ದು ಹರಿಯುತ್ತಿದೆಯೇ? ನಾನು ರಕ್ತನಾಳದೊಳಗೆ ಹೋಗುತ್ತೇನೆ, ನೀನು ನೋಡುತ್ತಿರು."

ಎಡಗಡೆಯ ನಾಳದಲ್ಲಿ ಮದ್ದು ನೂಲಿನೆಳೆಯಾಗಿ ತೆವಳುವುದನ್ನು ಯಂತ್ರ ಕಂಡಿತು. ಅಂದು ಚೆಲ್ಲಿದ ರಕ್ತದಿಂದ ಕೆರಳಿ ಆ ನಾಳ ಇಂದು ಮುದುಡಿಕೊಂಡಿತ್ತು; ಮಾತಿನ ಭಾಗಕ್ಕೆ ರಕ್ತ ಸಾಲುತ್ತಿರಲಿಲ್ಲ.

ವೈದ್ಯರು ಕೂಡಲೇ ಚಿಕಿತ್ಸೆಗಿಳಿದರು. ಮರುದಿನ ತುಂಗಮ್ಮ ಮಗಳತ್ತ ತಿರುಗಿ, "ವಾರಿಜಾ, ನೀರು ಕೊಡೇ" ಎಂದಳು.

ಮುಂದಿನ ರೋಗಿ ಬಂದಾಗ ಯಂತ್ರ "ಏನೂ ಆಗಿಲ್ಲ" ಎನ್ನಲಿಲ್ಲ. "ನನಗೇನೂ ಕಾಣಲಿಲ್ಲ" ಎಂದು ಮದ್ದಿನ ಮುಖ ನೋಡಿತು.