ಹೊಲದ ಕಡೆಗೆ ಒಂದು ಕಿಂಡಿ

ರಾಚಯ್ಯ ಕಾಲೇಜಿನಲ್ಲಿ ಮನೆ ಕಟ್ಟುವ ವಿದ್ಯೆ ಕಲಿಸುತ್ತಿದ್ದರು. ನಿವೃತ್ತರಾದ ಮೇಲೆ ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ, ಮಣ್ಣಿನ ಮಾಳಿಗೆಯ ಮನೆಯೊಂದರಲ್ಲಿ ಒಬ್ಬರೇ ಇದ್ದರು. ಕೆಲವರು ಅದನ್ನು ವೈರಾಗ್ಯ ಎಂದರು. ಬಾಡಿಗೆ ಕಡಿಮೆ ಇತ್ತು.

ಒಂದು ಬೆಳಿಗ್ಗೆ ಹಳೆಯ ಶಿಷ್ಯ ಅಡಿವೆಪ್ಪ ನಕ್ಷೆ ಹಿಡಿದು ಬಂದ. ಊರವರಿಗೆಲ್ಲ ಮನೆಯ ನಕ್ಷೆ ಬರೆದುಕೊಟ್ಟವನು ಈಗ ತನಗೊಂದು ಬರೆದಿದ್ದ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು.

"ಸಿಟಿ ಸಾಕಾತ್ರಿ ಸರ್. ಹೊಲದಾಗ ಅಜ್ಜಿ ಮನಿಯಂಥಾದ್ದು ಕಟ್ಟತೀನಿ. ಆ ಮನಿಯಾಗ ಒಬ್ಬನ ಅದೀನಿ ಅಂತ ನನಗ ಒಂದಿನಾನೂ ಅನಿಸಿಲ್ಲ. ನೀವು ಹ್ಞೂಂ ಅಂದ್ರ ನಾಳೆ ಪಾಯ ತೋಡಸ್ತೀನಿ."

ರಾಚಯ್ಯ ನಕ್ಷೆ ಬಿಡಿಸಿದರು. ದಪ್ಪ ಕಲ್ಲಿನ ಗೋಡೆ. ಸಾಗವಾನಿ ತೊಲೆ. ಮಾಳಿಗೆಯಲ್ಲಿ ಬೆಳಕಿಂಡಿ, ಅದಕ್ಕೆ ಗಾಜು. ಊರಿನ ಅರ್ಧ ಜನ ಕೂತು ಉಣ್ಣಬಹುದಾದ ಪಡಸಾಲೆ. ಹಳೆಯ ಮನೆಗಳಲ್ಲಿ ದನ ಕಟ್ಟುತ್ತಿದ್ದ ಜಾಗದಲ್ಲಿ ಸೋಫಾ.

"ಎಷ್ಟು ಮಂದಿ ಇರೋರು?"

"ನಾ ಒಬ್ಬನ."

"ದನದ ಜಾಗಾದಾಗ ಯಾರು ಕೂಡೋರು?"

"ಬಂದವರು, ಸರ್."

"ಹಂಗಾರ ಮೇವು ಹಾಕೋ ಗ್ವಾದಲಿ ತಗೀಬ್ಯಾಡ."

ಅಷ್ಟರಲ್ಲಿ ಅಡುಗೆಮನೆಯ ಕಡೆ ಬಳೆಯ ಸದ್ದಾಯಿತು. ಪಕ್ಕದ ಮನೆಗೂ ಈ ಮನೆಗೂ ನಡುವೆ ಒಂದೇ ಗೋಡೆ. ಅದರಲ್ಲೊಂದು ಕಿಂಡಿ. ಹಿಂದೆಲ್ಲ ಒಲೆಗೆ ಕೆಂಡ, ಹಾಲಿಗೆ ಹೆಪ್ಪು ಅದರಿಂದಲೇ ಅತ್ತಿತ್ತ ಹೋಗುತ್ತಿದ್ದವು. ಈಗ ಒಂದು ಕೈ ಪಲ್ಯದ ಬಟ್ಟಲನ್ನು ಒಳಗೆ ಚಾಚಿತು.

"ತಗೋರಿ ಮಾಸ್ತರ್. ನಿನ್ನಿ ಬಟ್ಟಲ ಇನ್ನೂ ಬಂದಿಲ್ಲ. ಪಲ್ಯದ ಸಂಗಾಟ ಅದನ್ನೂ ನುಂಗಿರೇನು?"

"ಪಲ್ಯಾಕ್ಕ ಉಪ್ಪ ಇರಲಿಲ್ಲ ನೀಲವ್ವ. ಬಟ್ಟಲನ ರುಚಿ ಇತ್ತು."

"ನಾಳೆಯಿಂದ ಬರೇ ಉಪ್ಪ ಕೊಡತೀನಿ."

ಕೈ ಹಿಂದೆ ಸರಿಯಿತು.

ಅಡಿವೆಪ್ಪನ ಮುಖ ಅರಳಿತು. "ಇದನ್ನೂ ಇಟ್ಟೀನ್ರಿ ಸರ್. ನೋಡ್ರಿ, ಅಡಗಿ ಮನಿಯ ಪಡುವಣ ಗೋಡಿ. ಅಜ್ಜಿ ಮನಿ ಕಿಂಡೀದ ಅಳತಿ."

ರಾಚಯ್ಯ ನಕ್ಷೆ ಮಡಚಿದರು. "ನಡಿ, ಹೊಲ ನೋಡೂಣು."

ಹೊಲ ಊರಿಂದ ದೂರವಿತ್ತು. ಕಪ್ಪು ಎರೆಭೂಮಿ. ಕಣ್ಣು ಹಾಯುವಷ್ಟು ದೂರ ಕೊಯ್ದ ಜೋಳದ ಕೂಳೆ. ಇನ್ನೊಂದು ಮನೆ ಕಾಣುತ್ತಿರಲಿಲ್ಲ. ಗೋಡೆ ಬರುವಲ್ಲೆಲ್ಲ ಸುಣ್ಣದ ಗೆರೆ ಎಳೆದಿತ್ತು.

"ಇಲ್ಲಿ ಯಾಕ? ಊರಾಗ ಜಾಗ ಸಿಗಲಿಲ್ಲೇನು?"

"ಊರಾಗ ಬ್ಯಾಡ್ರಿ. ನಿಮ್ಮ ಮಾಳಿಗಿ ನೀರು ನಮ್ಮ ಕಡೆ ಬಿತ್ತು, ನಿಮ್ಮ ಕೋಳಿ ನಮ್ಮ ಕಾಳು ತಿಂತು. ಅಜ್ಜಿ ಸಾಯೋತನಕ ಅದ ಜಗಳ. ನನಗ ಮನಿ ಬೇಕು, ಆ ರಗಳೆ ಬ್ಯಾಡ."

"ಕಿಂಡಿ ಎಲ್ಲಿ ಬರತೈತಿ?"

ಅಡಿವೆಪ್ಪ ತೋರಿಸಿದ. ರಾಚಯ್ಯ ಆ ಗೆರೆಯನ್ನು ದಾಟಿ ಹೊರಗೆ ಹೋಗಿ ಕೂಳೆಯ ನಡುವೆ ಕೂತರು.

"ನೀ ಅಡಗಿ ಮನಿಯಾಗ ನಿಂದ್ರು."

ಅಡಿವೆಪ್ಪ ಗೆರೆಯೊಳಗೆ ನಿಂತ. ಏನೋ ದೊಡ್ಡ ಮಾತು ಬರುತ್ತದೆಂದು ಕಾದ. ಗುರುಗಳು ಹೀಗೆ ಮಾಡುತ್ತಾರೆಂದು ಅವನು ಎಲ್ಲೋ ಓದಿದ್ದ. ಮಾತು ಬರಲಿಲ್ಲ. ಬಿಸಿಲು ಏರಿತು. ಗಾಳಿ ಬೀಸಿ ಕೂಳೆ ಸದ್ದು ಮಾಡಿತು, ಆಮೇಲೆ ಅದೂ ನಿಂತಿತು.

"ಸರ್, ಅಲ್ಲಿ ಯಾಕ ಕುಂತೀರಿ?"

"ಕಿಂಡಿ ಇಟ್ಟೀದಿ. ಈ ಕಡೆ ಯಾರರೆ ಇರಬೇಕಲ್ಲ."

"ಸಂಜೀಕ ನೀವು ಹೋಗತೀರಿ."

"ಹೋಗಲೇಬೇಕು. ನೀಲವ್ವಗ ಬಟ್ಟಲ ಕೊಡೋದೈತಿ."

ಅಡಿವೆಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು.

"ಸಿಟಿಯಾಗೂ ಪಕ್ಕದ ಮನಿಗೂ ನಮಗೂ ನಡುವ ಒಂದ ಗೋಡಿ ಇತ್ರಿ ಸರ್. ಆ ಕಡೆ ಟಿವಿ ಕೇಳಸ್ತಿತ್ತು. ನಮ್ಮ ಮನಿಯಾಕಿ ಹೋದ ದಿನಾನೂ ಕೇಳಸ್ತು. ನಾ ಹೋಗಿ ಬಾಗಿಲ ಬಡೀಲಿಲ್ಲ. ಅವರ ಹೆಸರ ಗೊತ್ತಿರಲಿಲ್ಲ. ಏನಂತ ಕರೀಲಿ?"

ರಾಚಯ್ಯ ಕೂತಲ್ಲೇ ಒಂದು ಕೂಳೆ ಕಿತ್ತು ಬೇರಿನ ಮಣ್ಣು ಉದುರಿಸಿದರು.

ಅಡಿವೆಪ್ಪ ಗೆರೆಯ ಹತ್ತಿರ ಬಂದು, ಕಿಂಡಿ ಬರುವಲ್ಲಿ ಸುಣ್ಣವನ್ನು ಕಾಲಿಂದ ಸವರಿದ.

"ಹಂಗಾರ ಕಿಂಡಿ ಮುಚ್ಚಲೇನ್ರಿ?"

"ಮುಚ್ಚು. ಗೋಡಿ ಭಾಳ ಗಟ್ಟಿ ಆಗತೈತಿ."

"ಮತ್ತ ನಾ ಎಲ್ಲಿ ಕಟ್ಟಲಿ, ಸರ್?"

ರಾಚಯ್ಯ ಎದ್ದು ಧೋತರದ ಮಣ್ಣು ಕೊಡವಿಕೊಂಡರು.

"ನೀಲವ್ವ ಇರೋದು ನನ್ನ ಒಂದು ಕಡೆ. ಇನ್ನೊಂದು ಗೋಡಿಗೆ ಹತ್ತಿದ ಮನಿ ಬಿದ್ದು ಭಾಳ ದಿನಾತು, ಜಾಗ ಖಾಲಿ ಐತಿ. ಆದ್ರ ಮೊದಲ ಹೇಳತೀನಿ, ನಾ ರಾತ್ರಿ ಬೆಳಗಾಗೂತನಕ ಕೆಮ್ಮತೀನಿ."